ಎಮ್ಮಿ ಈದ ವರ್ಷ

ನಾನೂರಾ ಇಪ್ಪತ್ತು ಅಂದರೆ ಏನೆಂದು ನಮ್ಮ ಕಡೆ ಯಾರಿಗೂ ಬಿಡಿಸಿ ಹೇಳಬೇಕಾಗಿಲ್ಲ. ಗಂಗಾವತಿಯಲ್ಲಿ ಸೋನಾಮಸೂರಿ ಅಂತ ಹೇಳಿ ಬೇರೆ ಅಕ್ಕಿ ಕಟ್ಟಿ ಕೊಟ್ಟವನಿಗೂ ಅದೇ ಬಿರುದು, ಕುಷ್ಟಗಿ ಸಂತೆಯಲ್ಲಿ ಮುದಿ ಎತ್ತಿಗೆ ವಯಸ್ಸು ಕಡಿಮೆ ಹೇಳಿ ದಾಟಿಸಿದವನಿಗೂ ಅದೇ. ಇಷ್ಟು ಜನಪ್ರಿಯವಾದ ಅಂಕಿ ಈಗ ಕಾನೂನಿನ ಹೊಸ ಪುಸ್ತಕದಲ್ಲಿ ಇಲ್ಲವೇ ಇಲ್ಲ, ಗೊತ್ತೇ? 2024ರ ಜುಲೈ 1ಕ್ಕೆ 1860ರ ದಂಡ ಸಂಹಿತೆ ಹೋಗಿ ಭಾರತೀಯ ನ್ಯಾಯ ಸಂಹಿತೆ ಜಾರಿಗೆ ಬಂತು. ವಂಚನೆ 318ನೆಯ ಕಲಮಿಗೆ ಹೋಯಿತು, ಕೊಲೆ 302ರಿಂದ 103ಕ್ಕೆ ಬಂತು. ಹೊಸ ಸಂಹಿತೆಯಲ್ಲಿ ಇರುವ ಕಲಮುಗಳೇ 358. ನಾನೂರಾ ಇಪ್ಪತ್ತನ್ನು ಹುಡುಕಿಕೊಂಡು ಹೋದರೆ ಪುಸ್ತಕವೇ ಮುಗಿದುಹೋಗುತ್ತದೆ.

ನಮಗೇನು, ಬೈಯುವವರು ಹಳೆಯ ನಂಬರಿನಲ್ಲೇ ಬೈದುಕೊಂಡು ಇರಬಹುದು. ಪಾಪ, ಕಷ್ಟ ಬಂದಿರುವುದು ಎಲ್‌ಎಲ್‌ಬಿ ಓದುವ ಹುಡುಗ ಹುಡುಗಿಯರಿಗೆ. ಜುಲೈಗಿಂತ ಮೊದಲು ನಡೆದ ಅಪರಾಧಕ್ಕೆ ಹಳೆಯ ಸಂಹಿತೆ, ಆಮೇಲಿನದಕ್ಕೆ ಹೊಸದು. ಎರಡೂ ಲೆಕ್ಕ ತಲೆಯಲ್ಲಿರಬೇಕು. ಮೇಲೆ ಸಾಕ್ಷ್ಯದ ಕಾನೂನು ಬೇರೆ ಬದಲಾಗಿದೆ, ಕ್ರಿಮಿನಲ್ ಪ್ರಕ್ರಿಯೆಯೂ ಬದಲಾಗಿದೆ. ಹುಬ್ಬಳ್ಳಿಯ ಕರ್ನಾಟಕ ರಾಜ್ಯ ಕಾನೂನು ವಿಶ್ವವಿದ್ಯಾಲಯ ಸೆಮಿಸ್ಟರ್ ಪರೀಕ್ಷೆಗೆ ದಿನಾಂಕ ಕೊಟ್ಟ ದಿನದಿಂದ ಈ ಮಕ್ಕಳ ಮುಖ ನೋಡಬೇಕು ನೀವು. ಪುಸ್ತಕ ತೊಡೆಯ ಮೇಲೆ, ಫೋನು ಕೈಯಲ್ಲಿ, ಮನಸ್ಸು ಮೂರನೆಯ ಕಡೆ.

ಇದಕ್ಕೊಂದು ಉಪಾಯ ಅಂತ ಅಮೆರಿಕದ ಕಾನೂನು ಕಾಲೇಜುಗಳು ಹುಡುಕಿಕೊಂಡದ್ದು ಮೈಂಡ್‌ಫುಲ್‌ನೆಸ್ ಅನ್ನುವುದನ್ನು. ಸುಮ್ಮನೆ ಕೂಡುವುದು, ಉಸಿರಿನ ಮೇಲೆ ಲಕ್ಷ್ಯ ಇಡುವುದು, ಮನಸ್ಸು ಎದ್ದು ಹೋದರೆ ಬೈಯದೆ ಮತ್ತೆ ಕರೆತರುವುದು. ವಿದ್ಯೆ ಇಷ್ಟೇ. 1979ರಲ್ಲಿ ಜಾನ್ ಕಬಟ್-ಜಿನ್ ಎನ್ನುವವರು ಮ್ಯಾಸಚೂಸೆಟ್ಸ್ ವಿಶ್ವವಿದ್ಯಾಲಯದ ವೈದ್ಯಕೀಯ ಕೇಂದ್ರದಲ್ಲಿ, ದೇವರು ಧರ್ಮದ ಹೆಸರು ಹೇಳದೆ, ರೋಗಿಗಳಿಗೆ ಇದನ್ನು ಕಲಿಸಲು ಶುರು ಮಾಡಿದರು. ರೋಗಿಗಳಿಂದ ಅದು ವಕೀಲರಿಗೂ ದಾಟಿತು. ಲೆನಾರ್ಡ್ ರಿಸ್ಕಿನ್ ಎಂಬ ಕಾನೂನು ಮೇಷ್ಟ್ರು 2002ರಲ್ಲಿ ಹಾರ್ವರ್ಡ್‌ನ ಒಂದು ಕಾನೂನು ಪತ್ರಿಕೆಯಲ್ಲಿ ವಕೀಲಿಕೆಗೂ ಧ್ಯಾನಕ್ಕೂ ಇರುವ ಸಂಬಂಧದ ಬಗ್ಗೆ ಉದ್ದನೆಯ ಲೇಖನ ಬರೆದರು. ಬರ್ಕ್ಲಿ, ಮಿಯಾಮಿ, ಸ್ಯಾನ್ ಫ್ರಾನ್ಸಿಸ್ಕೊ ಕಾನೂನು ಶಾಲೆಗಳಲ್ಲಿ ಇದು ತರಗತಿಯೊಳಗೇ ಬಂತು. ಗುಣ ಕಂಡಿತೇ ಅಂತ ಕೇಳುತ್ತೀರಿ. 2013ರಲ್ಲಿ ಕ್ಯಾಲಿಫೋರ್ನಿಯಾದ ಸಾಂಟಾ ಬಾರ್ಬರಾದಲ್ಲಿ 48 ವಿದ್ಯಾರ್ಥಿಗಳನ್ನು ಎರಡು ಗುಂಪು ಮಾಡಿ, ಒಂದಕ್ಕೆ ಪೌಷ್ಟಿಕ ಆಹಾರದ ಪಾಠ, ಇನ್ನೊಂದಕ್ಕೆ ಎರಡು ವಾರ ಈ ಕೂಡುವ ಪಾಠ ಹೇಳಿದರು. ಕೂತವರು ಓದಿದ್ದನ್ನು ಅರ್ಥ ಮಾಡಿಕೊಳ್ಳುವ ಪರೀಕ್ಷೆಯಲ್ಲಿ ಮುಂದೆ ಬಂದರು, ಅವರ ಮನಸ್ಸಿನ ಅಲೆದಾಟವೂ ಕಡಿಮೆಯಾಗಿತ್ತು. 48 ಜನರ ಮೇಲೆ ಎರಡು ವಾರದ ಪ್ರಯೋಗ. ಇದನ್ನೇ ಹಿಡಿದುಕೊಂಡು ರ‍್ಯಾಂಕು ಬರುತ್ತದೆ ಅಂತ ಕಾಲೇಜಿನ ಗೋಡೆಗೆ ಬರೆಸುವುದು ಬೇಡ. ಆದರೆ ಪ್ರಯತ್ನಿಸಿ ನೋಡಲು ಇಷ್ಟು ಸಾಕು ಅಂತ ನನ್ನ ಎಣಿಕೆ.

ಅಲೆದಾಟ ಅಂದೆನಲ್ಲ, ಅದರ ಲೆಕ್ಕವನ್ನೂ ಹಾಕಿದವರಿದ್ದಾರೆ. 2010ರಲ್ಲಿ ಹಾರ್ವರ್ಡ್‌ನ ಇಬ್ಬರು 2,250 ಜನರಿಗೆ ದಿನದ ಯಾವ್ಯಾವುದೋ ಹೊತ್ತಿನಲ್ಲಿ ಫೋನಿನಲ್ಲಿ ಕೇಳಿದರು: ಈಗ ಏನು ಮಾಡುತ್ತಿದ್ದೀರಿ, ಮನಸ್ಸು ಅದರಲ್ಲೇ ಇದೆಯೇ? ಸುಮಾರು ಶೇಕಡಾ 47ರಷ್ಟು ಸಲ ಮನಸ್ಸು ಅಲ್ಲಿರಲಿಲ್ಲ. ಹತ್ತಿರ ಹತ್ತಿರ ಅರ್ಧ ಆಯುಷ್ಯ! ಅಲೆದಾಡುವ ಮನಸ್ಸು ಸುಖವಾಗಿಯೂ ಇರುವುದಿಲ್ಲ ಅಂತ ಅವರ ತೀರ್ಮಾನ. ಈ ತೀರ್ಮಾನಕ್ಕೆ ನಮ್ಮ ಕಟ್ಟೆಯ ಹಿರಿಯರು ಪೂರ್ತಿ ಒಪ್ಪಲಿಕ್ಕಿಲ್ಲ ನೋಡಿ. ಕಟ್ಟೆಯ ಮೇಲೆ ಮಾತು ಮಳೆಯಿಂದ ಮದುವೆಗೆ, ಮದುವೆಯಿಂದ ಮೊಕದ್ದಮೆಗೆ ಹೋಗುತ್ತದೆ, ಆದರೆ ಕೂತವರೆಲ್ಲ ಒಟ್ಟಿಗೇ ಹೋಗುತ್ತಾರೆ, ಯಾರೂ ಹಿಂದೆ ಉಳಿಯುವುದಿಲ್ಲ. ಒಬ್ಬನೇ ಕೂತು ಅಲೆಯುವುದಕ್ಕೂ ಹತ್ತು ಜನ ಕೂಡಿ ಅಲೆಯುವುದಕ್ಕೂ ವ್ಯತ್ಯಾಸವಿದೆ. ಈ ಮಾತು ವಕೀಲಿಕೆಗೆ ಬಹಳ ಬೇಕಾಗುತ್ತದೆ, ಮುಂದೆ ಬರುತ್ತೇನೆ.

ಅಮೆರಿಕದ ಮಾತಾಯಿತು, ನಮ್ಮೂರಿನದು? ಕೊಪ್ಪಳದ ಗವಿಮಠದ ಗುಡ್ಡ ಹತ್ತಿ. ಜನವರಿಯ ಜಾತ್ರೆಯಲ್ಲಿ ಅಲ್ಲ. ಆಗ ಮಹಾದಾಸೋಹದ ರೊಟ್ಟಿ, ಮಿರ್ಚಿ, ಲಕ್ಷ ಲಕ್ಷ ಜನ, ಬಂಡೆ ನೋಡಲು ಯಾರಿಗೆ ಪುರುಸೊತ್ತು? ಜಾತ್ರೆ ಇಲ್ಲದ ದಿನ ಹೋದರೆ ಅಲ್ಲೊಂದು ಬಂಡೆಯಲ್ಲಿ ಅಶೋಕನ ಅಕ್ಷರಗಳಿವೆ. ಊರಿನ ಇನ್ನೊಂದು ಗುಡ್ಡ ಪಾಲ್ಕಿಗುಂಡಿನಲ್ಲೂ ಇವೆ. ಜಗತ್ತು ಇವನ್ನು ಗುರುತಿಸಿದ್ದು 1931ರಲ್ಲಿ. ಗವಿಮಠದ ಬಂಡೆಯಲ್ಲಿ ಚಕ್ರವರ್ತಿ ತನ್ನ ಕಥೆಯನ್ನೇ ಹೇಳುತ್ತಾನೆ: ಎರಡೂವರೆ ವರ್ಷಕ್ಕೂ ಮೇಲಾಯಿತು ನಾನು ಉಪಾಸಕನಾಗಿ, ಆದರೆ ಮೊದಲ ಒಂದು ವರ್ಷ ಅಷ್ಟೇನೂ ಶ್ರಮ ಹಾಕಲಿಲ್ಲ, ಸಂಘದ ಹತ್ತಿರ ಹೋದ ಮೇಲೆ ಗಟ್ಟಿಯಾಗಿ ತೊಡಗಿದೆ ಎನ್ನುವ ಅರ್ಥದ ಮಾತು. ಶ್ರಮ ಹಾಕಿದರೆ ಸಣ್ಣವರಿಗೂ ಫಲ ಉಂಟು, ಇದು ದೊಡ್ಡವರ ಸ್ವತ್ತಲ್ಲ ಅಂತಲೂ ಹೇಳುತ್ತಾನೆ. ಮೊದಲ ವರ್ಷ ಸರಿಯಾಗಿ ಓದದೆ ಪೇಪರು ಉಳಿಸಿಕೊಂಡು ಮುಖ ಸಣ್ಣದು ಮಾಡಿಕೊಂಡವರಿದ್ದಾರಲ್ಲ, ಅವರನ್ನು ಒಮ್ಮೆ ಈ ಬಂಡೆಯ ಮುಂದೆ ನಿಲ್ಲಿಸಬೇಕು ಅಂತ ನನಗೆ ಆಸೆ. ಇಡೀ ಜಂಬೂದ್ವೀಪ ಆಳಿದವನೇ ಒಂದು ವರ್ಷ ಹಿಂದೆ ಬಿದ್ದಿದ್ದೆ ಅಂತ ಕಲ್ಲಿನಲ್ಲಿ ಕೊರೆಸಿದ್ದಾನೆ.

ಅಶೋಕನ ಇನ್ನೊಂದು ಶಾಸನ ಕಾನೂನಿನವರಿಗೆ ಇದಕ್ಕಿಂತ ಹತ್ತಿರದ್ದು. ಅದು ಒಡಿಶಾದ ಧೌಲಿ, ಜೌಗಡಗಳಲ್ಲಿ ಸಿಕ್ಕಿತ್ತು. ನಮ್ಮ ಕಲಬುರಗಿ ಜಿಲ್ಲೆಯ ಸನ್ನತಿಯಲ್ಲೂ ಅದರ ಭಾಗಗಳು ಸಿಕ್ಕವು. ಸನ್ನತಿಯಲ್ಲಿ ಸಿಕ್ಕ ಬಗೆಯೇ ಒಂದು ಕಥೆ. ಭೀಮಾ ನದಿಯ ದಡದ ಚಂದ್ರಲಾಂಬೆಯ ಗುಡಿಯ ಆವರಣದಲ್ಲಿ ಕಾಳಿಯ ಗುಡಿಯ ಚಾವಣಿ 1986ರಲ್ಲಿ ಕುಸಿಯಿತು. ಮುಂದೆ ನೋಡಿದರೆ ದೇವಿಯ ಮೂರ್ತಿಗೆ ಪೀಠವಾಗಿದ್ದ ಕಲ್ಲಿನ ಮೇಲೆ ಬ್ರಾಹ್ಮೀ ಅಕ್ಷರ! ಎಷ್ಟು ತಲೆಮಾರು ಕುಂಕುಮ ಹಚ್ಚಿ ಕೈಮುಗಿದರೋ, ಆ ಪೀಠದಲ್ಲಿ ಅಶೋಕ ಕೂತಿದ್ದ. ಇರಲಿ, ಶಾಸನದ ಮಾತಿಗೆ ಬರೋಣ. ನಗರಗಳಲ್ಲಿ ನ್ಯಾಯ ನೋಡುವ ಅಧಿಕಾರಿಗಳಿಗೆ ಅವನು ಹೇಳುತ್ತಾನೆ, ಕಾರಣವಿಲ್ಲದೆ ಯಾರಿಗೂ ಸೆರೆ, ಹಿಂಸೆ ಆಗಬಾರದು ಅಂತ. ಆಮೇಲೆ ನ್ಯಾಯ ತಪ್ಪಿಸುವ ಮನಸ್ಸಿನ ಕೇಡುಗಳನ್ನು ಎಣಿಸುತ್ತಾನೆ: ಹೊಟ್ಟೆಕಿಚ್ಚು, ಸಿಟ್ಟು, ಕ್ರೌರ್ಯ, ಅವಸರ, ಅಭ್ಯಾಸ ಇಲ್ಲದಿರುವುದು, ಸೋಮಾರಿತನ, ದಣಿವು. ದಣಿವನ್ನೂ ಸೇರಿಸಿದ್ದಾನೆ ನೋಡಿ! ದಣಿದವನ ಕೈಯಲ್ಲಿ ನ್ಯಾಯ ಕೆಡುತ್ತದೆ ಎಂಬುದು ಅವನಿಗೆ ಗೊತ್ತಿತ್ತು. ಇವುಗಳಿಂದ ದೂರ ಇರುವುದಕ್ಕೆ ಮೂಲ ಸಿಟ್ಟು ಮಾಡಿಕೊಳ್ಳದಿರುವುದು, ಅವಸರ ಮಾಡದಿರುವುದು ಅಂತ ಹೇಳಿ ಅಲ್ಲಿಗೇ ಮುಗಿಸುವುದಿಲ್ಲ. ಈ ಶಾಸನವನ್ನು ತಿಷ್ಯ ನಕ್ಷತ್ರದ ದಿನಗಳಲ್ಲಿ ಗಟ್ಟಿಯಾಗಿ ಓದಿ, ನಡುನಡುವೆಯೂ ಓದಿ, ಕೇಳಲು ಒಬ್ಬನೇ ಇದ್ದರೂ ಓದಿ ಅಂತ ವ್ಯವಸ್ಥೆ ಮಾಡುತ್ತಾನೆ. ಒಮ್ಮೆ ಕೇಳಿದರೆ ಮನಸ್ಸಿನಲ್ಲಿ ನಿಲ್ಲುವುದಿಲ್ಲ, ತಿರುಗಿ ತಿರುಗಿ ಕೇಳಬೇಕು. ಇದು ಎರಡು ಸಾವಿರದ ಇನ್ನೂರು ವರ್ಷಕ್ಕೂ ಹಿಂದಿನ ಪಠ್ಯಕ್ರಮ.

ಪಠ್ಯಕ್ರಮ ಅಂದಾಗ ಯಲಬುರ್ಗಾದ ಒಬ್ಬ ಹಿರಿಯ ವಕೀಲರ ನೆನಪು ಬರುತ್ತದೆ. ಕೊಪ್ಪಳ, ಯಲಬುರ್ಗಾ ಎರಡೂ ನಿಜಾಮರ ಕಾಲದಲ್ಲಿ ಸಾಲಾರ್‌ಜಂಗರ ಜಹಗೀರು. ಈ ವಕೀಲರಿಗೆ ವಿದ್ಯೆ ಕಲಿಸಿದ ತಲೆಮಾರಿನವರು ಮನೆಯಲ್ಲಿ ಕನ್ನಡ, ಕಚೇರಿಯಲ್ಲಿ ಉರ್ದು. 1948ರ ಸೆಪ್ಟೆಂಬರಿನಲ್ಲಿ ನಿಜಾಮರ ಆಳ್ವಿಕೆ ಮುಗಿದ ಮೇಲೆ ಕಚೇರಿ ಬದಲಾಯಿತು, ಆದರೆ ಪಹಣಿ, ವಕಾಲತ್ತು, ತಕರಾರು, ಕೈಫಿಯತ್ತು ಇಲ್ಲೇ ಉಳಿದವು. ಪರಭಾಷೆಯಲ್ಲಿ ಓದಬೇಕಾದವನು ಒಂದೊಂದು ಅಕ್ಷರಕ್ಕೂ ನಿಲ್ಲುತ್ತಾನೆ, ನಿಂತದ್ದು ಮರೆಯುವುದಿಲ್ಲ ಅಂತ ಅವರು ಹೇಳುತ್ತಿದ್ದರು. ಈಗ ಇಂಗ್ಲಿಷಿನ ಪುಸ್ತಕ ನೋಡಿ ಹೆದರುವ ಹಳ್ಳಿಯ ಮಕ್ಕಳಿಗೆ ಇದು ಧೈರ್ಯದ ಮಾತು.

ಅವರ ಪಾಠ ನಡೆಯುತ್ತಿದ್ದುದು ಪಡಸಾಲೆಯಲ್ಲಿ, ಸಂಜೆ. ಹೊಸದಾಗಿ ಬಂದ ಜ್ಯೂನಿಯರ್‌ಗೆ ಕಾನೂನಿನ ಪುಸ್ತಕ ಕೊಡುತ್ತಿರಲಿಲ್ಲ. ಹಳೆಯ ಖರೀದಿ ಪತ್ರ ಒಂದು ಕೊಟ್ಟು ಚಕ್ಕಬಂದಿ ಓದು ಅನ್ನುತ್ತಿದ್ದರು. ಸಾಲಿನ ಕೆಳಗೆ ಬೆರಳು ಇಡಬೇಕು, ಗಟ್ಟಿಯಾಗಿ ಓದಬೇಕು. ಪೂರ್ವಕ್ಕೆ ಇಂಥವರ ಹೊಲ ಅಂತ ಬಂದರೆ ಕೂತಲ್ಲಿಂದಲೇ ಪೂರ್ವಕ್ಕೆ ತಿರುಗಿ ನೋಡಬೇಕು, ಪಶ್ಚಿಮ ಬಂದರೆ ಪಶ್ಚಿಮಕ್ಕೆ. ನಾಲ್ಕು ದಿಕ್ಕು ಮುಗಿದ ಮೇಲೆ ಪತ್ರ ಮಡಿಚಿ ಕೇಳುತ್ತಿದ್ದರು: “ದಕ್ಷಿಣಕ್ಕ ಯಾರ ಹೊಲ ಐತಿ?”

ಹುಡುಗ ತಬ್ಬಿಬ್ಬು. ಕಣ್ಣು ಓದಿತ್ತು, ಬಾಯಿ ಓದಿತ್ತು, ಮನಸ್ಸು ಬಸ್‌ಸ್ಟ್ಯಾಂಡಿಗೆ ಹೋಗಿತ್ತು.

“ಇರಲಿ ತಗೋ. ಮತ್ತ ಮೊದಲಿಂದ ಓದು.”

ಆ ‘ಇರಲಿ ತಗೋ’ದಲ್ಲಿ ಸಿಟ್ಟು ಒಂದು ಕಾಳಿನಷ್ಟೂ ಇರುತ್ತಿರಲಿಲ್ಲ. ಮನಸ್ಸು ಹೋಗುತ್ತದೆ, ಹೋಗಲಿ, ಕರೆದುಕೊಂಡು ಬಾ. ಕಬಟ್-ಜಿನ್ ಅವರ ಹೆಸರು ಕೇಳಿರದ ಈ ಮನುಷ್ಯ ಉಸಿರಿನ ಜಾಗದಲ್ಲಿ ಚಕ್ಕಬಂದಿ ಇಟ್ಟುಕೊಂಡಿದ್ದರು, ಅಷ್ಟೇ ವ್ಯತ್ಯಾಸ. ಒಂದು ದಿಕ್ಕು ಅದಲುಬದಲಾದರೆ ಎರಡು ಮನೆತನ ಮೂರು ತಲೆಮಾರು ಕೋರ್ಟಿಗೆ ಅಲೆಯುತ್ತವೆ ಎಂಬುದನ್ನು ಅವರು ಕಣ್ಣಾರೆ ಕಂಡವರು. ಧಾರವಾಡದಲ್ಲಿ ಹೈಕೋರ್ಟಿನ ಪೀಠ 2008ರಲ್ಲಿ ಬಂತು, ಸರಿ. ಅದಕ್ಕೂ ಮೊದಲು ಅಪೀಲು ಅಂದರೆ ಬೆಂಗಳೂರಿನ ದಾರಿ. ಒಂದು ತಪ್ಪು ಗೆರೆಗೆ ಎಷ್ಟು ಸಲ ಬೆಂಗಳೂರು!

ಒಂದು ಸಂಜೆ ನಾನಿದ್ದಾಗ ಒಬ್ಬ ಮುದುಕಿ ಬಂದಳು. ಮೈದುನ ಹೊಲದ ಬದು ಒಡೆದು ಒಳಗೆ ಬಂದಿದ್ದಾನೆ ಎಂಬುದು ತಕರಾರು. ಯಾವಾಗಿನಿಂದ ಅಂತ ಕೇಳಿದ್ದೇ ತಡ, ಎಮ್ಮೆಯ ಕಥೆ ತೆಗೆದಳು. ಎಮ್ಮೆಯ ಬಣ್ಣ, ಎಮ್ಮೆಯ ಸಿಟ್ಟು, ತಂದ ಸಂತೆ, ದಾರಿಯಲ್ಲಿ ಬಂದ ಮಳೆ, ಕರು ಅಡ್ಡ ಬಂದು ಬದುಕಿದ್ದು. ಜ್ಯೂನಿಯರ್ ಪೆನ್ನಿನ ಕ್ಯಾಪು ಹಾಕಿ ಫೋನು ತೆಗೆದ. ವಕೀಲರು ಮಾತ್ರ ಕುರ್ಚಿ ಇನ್ನಷ್ಟು ಹತ್ತಿರ ಎಳೆದುಕೊಂಡರು.

“ಹೇಳವ್ವಾ. ಎಮ್ಮಿ ಈದ ಮ್ಯಾಲ?”

“ಎಮ್ಮಿ ಈದ ವರ್ಷನ ರೀ ಅವ ಬದು ಒಡದದ್ದು. ಗಿಣ್ಣ ಕೊಡಾಕ ಹೋದಾಗ ನೋಡೀನಿ.”

“ಗಬ್ಬದ ಎಮ್ಮಿ ತಂದಿದ್ದೆಲ್ಲಾ, ರೊಕ್ಕ ಎಲ್ಲಿ ತಗೊಂಡಿದ್ದೀ?”

“ಸೊಸೈಟ್ಯಾಗ್ರೀ. ಪಾಸ್‌ಬುಕ್ಕ ಐತಿ, ಟ್ರಂಕಿನ್ಯಾಗ.”

ಮುಗಿಯಿತು! ಸಾಲದ ದಿನಾಂಕ ಸಿಕ್ಕರೆ ಎಮ್ಮೆ ಈದ ವರ್ಷ ಸಿಗುತ್ತದೆ, ಎಮ್ಮೆ ಈದ ವರ್ಷ ಸಿಕ್ಕರೆ ಬದು ಒಡೆದ ವರ್ಷ ಸಿಗುತ್ತದೆ. 1963ರ ಕಾಲಮಿತಿ ಕಾಯ್ದೆಯ ಪ್ರಕಾರ ಒತ್ತುವರಿಯಾದ ಜಮೀನಿನ ಸ್ವಾಧೀನ ಕೇಳಲು ಹನ್ನೆರಡು ವರ್ಷದ ಗಡುವು; ಗಡುವಿನ ಒಳಗೆ ಇದ್ದಾಳೋ ಇಲ್ಲವೋ ಎಂಬುದರ ಮೇಲೇ ಮುದುಕಿಯ ಹೊಲ ನಿಂತಿತ್ತು. ಆ ಹುಡುಗ ದಡ್ಡನಲ್ಲ, ಕಾಲಮಿತಿ ಕಾಯ್ದೆಯ ವಿಧಿಗಳು ಅವನಿಗೆ ಬಾಯಿಪಾಠ ಬರುತ್ತಿದ್ದವು. ಕಾನೂನು ಅವನ ಬಾಯಲ್ಲಿತ್ತು, ದಿನಾಂಕ ಎಮ್ಮೆಯ ಕಥೆಯಲ್ಲಿತ್ತು, ನಡುವೆ ಫೋನು ಇತ್ತು. ಕಟ್ಟೆಯ ಮಾತಿನ ಬಗ್ಗೆ ಹೇಳಿದೆನಲ್ಲ, ಇಲ್ಲಿಗೇ ಬರಬೇಕಿತ್ತು ನಾನು. ನಮ್ಮ ಜನ ದಿನಾಂಕದಿಂದ ಕಥೆ ಹೇಳುವುದಿಲ್ಲ, ಕಥೆಯಿಂದ ದಿನಾಂಕ ಹೇಳುತ್ತಾರೆ. ಬರ ಬಿದ್ದ ವರ್ಷ, ಎಡದಂಡೆ ಕಾಲುವೆಗೆ ನೀರು ಬಂದ ವರ್ಷ, ಅಣ್ಣ ಬ್ಯಾರೆ ಆದ ವರ್ಷ. ಅವರು ಅಲೆದಲ್ಲೆಲ್ಲ ಜೊತೆಗೆ ಅಲೆಯಲು ಬರುವವನೇ ವಕೀಲ. ಅದಕ್ಕೆ ಮೊದಲು ತನ್ನ ಮನಸ್ಸು ತನ್ನ ಹತ್ತಿರ ಇರಬೇಕಷ್ಟೆ.

ಕೇಳುವುದಾಯಿತು, ನೋಡುವುದು? ಕಣ್ಣಿದ್ದವರು ಕನಕಗಿರಿ ನೋಡಬೇಕು, ಕಾಲಿದ್ದವರು ಹಂಪಿ ನೋಡಬೇಕು ಅಂತ ನಮ್ಮಲ್ಲಿ ಗಾದೆ. ಹಂಪಿ ತಿರುಗಿ ತೀರುವುದಿಲ್ಲ, ಕನಕಗಿರಿಯ ಕನಕಾಚಲಪತಿಯ ಗುಡಿ ನಿಂತು ನೋಡಿ ತೀರುವುದಿಲ್ಲ. ಕೋರ್ಟಿಗೂ ಈ ಕನಕಗಿರಿಯ ಕಣ್ಣೇ ಬೇಕು. ಸಾಕ್ಷಿಯ ವರ್ತನೆ ನೋಡಿ ನ್ಯಾಯಾಧೀಶರು ಟಿಪ್ಪಣಿ ಬರೆದುಕೊಳ್ಳಬಹುದು ಅಂತ ಸಿವಿಲ್ ಪ್ರಕ್ರಿಯಾ ಸಂಹಿತೆಯ 18ನೆಯ ಆದೇಶದ 12ನೆಯ ನಿಯಮ ಹೇಳುತ್ತದೆ. ಯಾಜ್ಞವಲ್ಕ್ಯ ಸ್ಮೃತಿಯಲ್ಲಿ ಏನು ನೋಡಬೇಕು ಎಂಬುದರ ಪಟ್ಟಿಯೇ ಇದೆ: ಒಂದು ಕಡೆ ನಿಲ್ಲದೆ ಜಾಗ ಬದಲಿಸುವುದು, ತುಟಿಯ ಅಂಚು ನೆಕ್ಕುವುದು, ಹಣೆ ಬೆವರುವುದು, ಮುಖದ ಬಣ್ಣ ಇಳಿಯುವುದು, ಮಾತು ಒಣಗಿ ತೊದಲುವುದು. ಆದರೆ ನೀವೇ ಹೇಳಿ, ಮೊದಲ ಸಲ ಕಟಕಟೆ ಹತ್ತಿದ ಹನುಮಸಾಗರದ ರೈತನಿಗೆ ಇವೆಲ್ಲ ಆಗುವುದಿಲ್ಲವೇ? ಬೆವರು ಸುಳ್ಳಿನದೋ ಹೆದರಿಕೆಯದೋ ಎಂದು ತಿಳಿಯಲು ಬರೀ ಚುರುಕು ಕಣ್ಣು ಸಾಲದು, ಅಂತಃಕರಣವೂ ಬೇಕು. ಅವಸರದಲ್ಲಿರುವವನಿಗೆ ಅಂತಃಕರಣ ಎಲ್ಲಿಂದ ಬರಬೇಕು? ಅಶೋಕನ ಪಟ್ಟಿಯಲ್ಲಿ ಅವಸರ ಸುಮ್ಮನೆ ಬಂದಿಲ್ಲ.

ಯಾಜ್ಞವಲ್ಕ್ಯ ಸ್ಮೃತಿ ಅಂದರೆ ಕಾನೂನು ವಿದ್ಯಾರ್ಥಿಗಳ ಕಿವಿ ನೆಟ್ಟಗಾಗುತ್ತದೆ, ಯಾಕೆಂದರೆ ಅದರ ವ್ಯಾಖ್ಯಾನವೇ ಮಿತಾಕ್ಷರ. ಬರೆದವನು ವಿಜ್ಞಾನೇಶ್ವರ, ನಮ್ಮ ಕಲ್ಯಾಣದಲ್ಲಿ, ಚಾಲುಕ್ಯ ಆರನೆಯ ವಿಕ್ರಮಾದಿತ್ಯನ ಆಶ್ರಯದಲ್ಲಿ. 1810ರಲ್ಲಿ ಕೋಲ್‌ಬ್ರೂಕ್ ಅದರ ದಾಯವಿಭಾಗದ ಪ್ರಕರಣವನ್ನು ಇಂಗ್ಲಿಷಿಗೆ ತಂದ ಮೇಲೆ ಇಂಗ್ಲಿಷರ ಕೋರ್ಟುಗಳು ಅದನ್ನೇ ಹಿಡಿದವು. ಹೆಣ್ಣುಮಕ್ಕಳಿಗೂ ಹುಟ್ಟಿನಿಂದಲೇ ಪಾಲು ಅಂತ 1994ರಲ್ಲಿ ಕರ್ನಾಟಕದ ತಿದ್ದುಪಡಿ, 2005ರಲ್ಲಿ ಕೇಂದ್ರದ ತಿದ್ದುಪಡಿ ಬಂದಾಗ ಬದಲಾದದ್ದೂ ಈ ಮಿತಾಕ್ಷರದ ಕೂಡುಕುಟುಂಬವೇ. ಪರೀಕ್ಷೆಗೆ ಬರುವುದು ಇಷ್ಟು. ಬಾರದೆ ಉಳಿಯುವ ಒಂದು ಭಾಗ ಇದೆ, ನನಗೆ ಬಹಳ ಪ್ರೀತಿಯದು. ಅದೇ ಸ್ಮೃತಿಯ ಮೂರನೆಯ ಅಧ್ಯಾಯದಲ್ಲಿ ಕೂಡುವ ಪಾಠವಿದೆ. ತೊಡೆಯ ಮೇಲೆ ಪಾದ ಹೇಗಿಡಬೇಕು, ಎಡಗೈ ಮೇಲೆ ಬಲಗೈ, ಮುಖ ಸ್ವಲ್ಪ ಎತ್ತಿ, ಕಣ್ಣು ಮುಚ್ಚಿ, ಹಲ್ಲಿಗೆ ಹಲ್ಲು ತಾಗಿಸದೆ, ಅಲುಗಾಡದೆ, ಉಸಿರು ಹತೋಟಿಗೆ ತಂದು. ಆಸ್ತಿ ಪಾಲು ಮಾಡುವ ಪುಸ್ತಕದಲ್ಲೇ! ಅಲ್ಲೇ ಸ್ವಲ್ಪ ಹಿಂದೆ, ವೀಣೆಯನ್ನು ಶ್ರುತಿ ತಾಳ ಅರಿತು ನುಡಿಸುವವನು ಅನಾಯಾಸವಾಗಿ ಮೋಕ್ಷದ ದಾರಿ ಹಿಡಿಯುತ್ತಾನೆ ಎಂಬ ಮಾತೂ ಇದೆ. ವ್ಯಾಜ್ಯ, ಉಸಿರು, ವೀಣೆ ಮೂರನ್ನೂ ಒಬ್ಬನೇ ಕೂತು ಓದಿ ವ್ಯಾಖ್ಯಾನ ಬರೆದ. ನಾವು ಬಂದು ವ್ಯಾಜ್ಯದ ಪುಟಗಳನ್ನಷ್ಟೇ ಹರಿದು ಸಿಲಬಸ್ಸಿಗೆ ಅಂಟಿಸಿಕೊಂಡೆವು.

ಹಾಗಂತ ನಮ್ಮ ಕಾನೂನು ಕಾಲೇಜುಗಳಲ್ಲಿ ಇಂಥ ತರಗತಿ ಶುರುವಾದರೆ ಅದನ್ನು ಯಾವುದೋ ಒಂದು ಮತದ ಪಾಠವಾಗಿ ಮಾಡುವುದನ್ನು ನಾನು ಒಪ್ಪುವುದಿಲ್ಲ. ಬೆಳಿಗ್ಗೆ ಎಡ ಅಂಗೈಯಲ್ಲಿ ಇಷ್ಟಲಿಂಗ ಇಟ್ಟುಕೊಂಡು ದೃಷ್ಟಿ ನೆಡುವ ಮನೆಯಿಂದ ಬಂದ ಹುಡುಗಿಗೆ, ಐದು ಹೊತ್ತು ನಮಾಜು ಮಾಡುವ ಮನೆಯ ಹುಡುಗನಿಗೆ, ಇವೆರಡೂ ಇಲ್ಲದವರಿಗೆ, ಎಲ್ಲರಿಗೂ ಉಸಿರು ಒಂದೇ. ಇನ್ನೊಂದು ಮಾತು. ಲೈಬ್ರರಿಯಲ್ಲಿ ಹೊಸ ಸಂಹಿತೆಯ ಪುಸ್ತಕ ಇಲ್ಲದಿದ್ದರೆ, ಊರಿಗೆ ಹೋಗುವ ಕೊನೆಯ ಬಸ್ಸು ತರಗತಿ ಮುಗಿಯುವ ಮೊದಲೇ ಹೊರಟರೆ, ಅದಕ್ಕೆ ಪರಿಹಾರ ಕಣ್ಣು ಮುಚ್ಚಿ ಕೂಡುವುದಲ್ಲ. ಪುಸ್ತಕ ತರಿಸುವುದು, ಬಸ್ಸು ತಡೆಯುವುದು. ಇಂಥ ತರಗತಿ ನಮ್ಮ ದೇಶಕ್ಕೆ ಹೊಸದೇನೂ ಅಲ್ಲ: ಜೈಲಿನ ಕೈದಿಗಳಿಗೆ ಗೋಯೆಂಕಾ ಎಂಬ ಗುರುಗಳ ವಿಪಶ್ಯನ ಧ್ಯಾನ 1975ರಲ್ಲೇ ಜೈಪುರದಲ್ಲಿ ಸಿಕ್ಕಿತು, ಮುಂದೆ 1994ರಲ್ಲಿ ತಿಹಾರಿನಲ್ಲಿ ಸಾವಿರ ಜನ ಒಟ್ಟಿಗೆ ಕೂತರು. ಕಟಕಟೆಯಲ್ಲಿ ನಿಂತವನಿಗೆ ದೊರೆತದ್ದು ಅವನ ಪರ ಮಾತಾಡುವವನಿಗೂ ದೊರೆಯಲಿ ಅಂತ ಕೇಳುವುದು ಹೆಚ್ಚಿನ ಆಸೆಯೇನಲ್ಲ.

ನನ್ನನ್ನು ಕೇಳಿದರೆ ಮೊದಲ ತರಗತಿ ಇಟಗಿಯಲ್ಲಿ ಆಗಲಿ. ಅಲ್ಲಿನ ಮಹಾದೇವ ದೇವಾಲಯ ಕಟ್ಟಿದ್ದು 1112ರಲ್ಲಿ, ಅದೇ ಆರನೆಯ ವಿಕ್ರಮಾದಿತ್ಯನ ದಂಡನಾಯಕ ಮಹಾದೇವ. ವಿಜ್ಞಾನೇಶ್ವರನ ದೊರೆಯೂ ಈ ವಿಕ್ರಮಾದಿತ್ಯನೇ ಎಂಬುದನ್ನು ಹುಡುಗರಿಗೆ ಅಲ್ಲೇ ಹೇಳಬೇಕು. ಶಾಸನ ಈ ಗುಡಿಯನ್ನು ದೇವಾಲಯ ಚಕ್ರವರ್ತಿ ಅಂತ ಕರೆದದ್ದನ್ನೂ ಹೇಳಬೇಕು. ಒಬ್ಬೊಬ್ಬರೂ ಒಂದೊಂದು ಕಂಬ ಹಿಡಿದುಕೊಂಡು, ಬೇರೇನೂ ನೋಡದೆ, ಕಾಲು ಗಂಟೆ ಅದನ್ನೇ ನೋಡಲಿ. ಆಮೇಲೆ ಬೆನ್ನು ಮಾಡಿ ಕೂತು ಕಂಡದ್ದನ್ನು ಬರೆಯಲಿ. ಪಕ್ಕದವನು ಎದ್ದು ಹೋಗಿ ತಾಳೆ ನೋಡಲಿ. ಸಾಕ್ಷ್ಯದ ಕಾನೂನಿಗೆ ಇದಕ್ಕಿಂತ ಒಳ್ಳೆಯ ಪೀಠಿಕೆ ನನಗೆ ಹೊಳೆಯುವುದಿಲ್ಲ. ಹೋಗುವುದು ಹೇಗೆ ಅಂತ ಚಿಂತೆ ಬೇಡ. 2025ರ ಮೇ ತಿಂಗಳಿಂದ ಕುಷ್ಟಗಿಗೆ ರೈಲು ಬಂದಿದೆ, ಯಲಬುರ್ಗಾ, ಕುಕನೂರು ದಾಟಿಕೊಂಡೇ ಹುಬ್ಬಳ್ಳಿಗೆ ಹೋಗುತ್ತದೆ. ಕುಕನೂರಿನಲ್ಲಿ ಇಳಿದರೆ ಇಟಗಿ ದೂರವಲ್ಲ. ಕೊಪ್ಪಳ, ಗಂಗಾವತಿಯವರು ಬಸ್ಸು ಹಿಡಿಯಿರಿ. ಅಲ್ಲಿ ಖಾನಾವಳಿ ನಂಬಿಕೊಂಡು ಹೋಗುವುದಕ್ಕಿಂತ ಬುತ್ತಿ ಕಟ್ಟಿಕೊಂಡು ಹೋಗುವುದು ಮೇಲು. ಸಜ್ಜಿ ರೊಟ್ಟಿ ಯಾರು ತರಬೇಕು, ಶೇಂಗಾ ಚಟ್ನಿ ಯಾರು, ಕೆನೆಮೊಸರು ಯಾರು ಎಂಬುದನ್ನು ನೀವು ನೀವೇ ಮಾತಾಡಿಕೊಳ್ಳಿ.